ಚಕ್ಕಣದಿಂದ ಚಕ್ನಾವರೆಗೆ

ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಬಾರುಗಳಲ್ಲಿ ಬಾಟಲಿಯ ಜೊತೆಗೇ ಮೇಜಿಗೆ ಬರುವುದು ಚಕ್ನಾ. ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ಉಪ್ಪು ಖಾರ ಹಚ್ಚಿದ ಕಡಲೆ, ಮೇಲೊಂದು ಲಿಂಬೆ ಹೋಳು. ಇದು ಹೈದರಾಬಾದಿನ ಉರ್ದುವಿನಿಂದ ಬಂದ ಮಾತೆಂದು ಎಲ್ಲರೂ ತಿಳಿದಿದ್ದಾರೆ. ಅದು ನಿಜವೂ ಹೌದು. ಉರ್ದುವಿನಲ್ಲಿ 'ಚಖ್‌ನಾ' ಅಂದರೆ ರುಚಿ ನೋಡುವುದು. ಆದರೆ ಈ ಮಾತಿನ ಅಣ್ಣನೊಬ್ಬ ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿದ್ದ. ಅವನ ಹೆಸರು 'ಚಕ್ಕಣ'. ಕಳ್ಳಿನ ಜೊತೆ ನಂಜಿಕೊಳ್ಳುವ ತಿನಿಸಿಗೆ ಪಂಪ ಬಳಸಿದ ಪದ ಅದು. ರುಚಿ ನೋಡುವುದೆಂಬ ಪ್ರಾಕೃತದ ಒಂದೇ ಬೇರಿನಿಂದ ಎರಡೂ ಚಿಗುರಿವೆ. ಅಂದರೆ ಕುಡಿಯುವ ಮೇಜಿನ ಮೇಲೆ ನಮಗೆ ಇವತ್ತಿಗೂ ಉಳಿದಿರುವ ಅತಿ ಹಳೆಯ ಮಾತಿನ ಅರ್ಥ ಅಮಲು ಅಲ್ಲ, ರುಚಿ.

ಕಡಕ್ ಪೇಯಗಳನ್ನು ಹೇಗೆ ಸವಿಯಬೇಕು, ಹೇಗೆ ಬಡಿಸಬೇಕು ಎಂಬ ಮಾತು ಈಗ ಬೆಂಗಳೂರಿನ ಕ್ರಾಫ್ಟ್ ಬಿಯರ್ ಮನೆಗಳಲ್ಲಿ ಹೊಸ ವಿದ್ಯೆಯ ಹಾಗೆ ಕೇಳಿಬರುತ್ತಿದೆ. ಕನ್ನಡದಲ್ಲಿ ಇದು ಹೊಸತಲ್ಲ. ಇದ್ದ ವಿದ್ಯೆಯನ್ನು ನಾವು ಕಳೆದುಕೊಂಡೆವು. ಹಾಗೆ ಕಳೆದುಕೊಂಡದ್ದಕ್ಕೆ ರಾಯಚೂರು ಜಿಲ್ಲೆ ತೆತ್ತ ಬೆಲೆ ಸಣ್ಣದಲ್ಲ.

ಮೊದಲು ಪಂಪನನ್ನೇ ನೋಡೋಣ. 941ರಲ್ಲಿ, ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ ಅವನು ಬರೆದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನ ಇರುಳಿನಲ್ಲಿ ದ್ವಾರಾವತಿಯ ಸೂಳೆಗೇರಿಯನ್ನು ಹಾದುಹೋಗುತ್ತಾನೆ. ಅಲ್ಲಿ ಒಂದೆಡೆ ಹೆಂಗಸರು ಕಳ್ಳು ಕುಡಿಯಲು ಕೂತಿದ್ದಾರೆ. ಪಂಪ ಅಲ್ಲಿ ನೀತಿ ಹೇಳುವುದಿಲ್ಲ, ಕ್ರಮವನ್ನು ವರ್ಣಿಸುತ್ತಾನೆ. ಮೊದಲು ಮಧುವಿನ ದೇವತೆಗೆ ಪೂಜೆ. ಗಿಳಿ, ಕೋಗಿಲೆ, ಹಂಸೆಗಳ ಆಕಾರದ ಚಿನ್ನ ಬೆಳ್ಳಿಯ ಸಿಪ್ಪುಗಳಲ್ಲಿ ತುಂಬಿ ಕೊಡುತ್ತಾರೆ. ಕಿರಿಯರು ಹಿರಿಯರನ್ನರಿತು ನಮಸ್ಕರಿಸುತ್ತಾರೆ. ಎಳೆ ಬಿದಿರಿನ ಕುಡಿ, ಮಾವಿನ ಮಿಡಿ ಮೊದಲಾದ ಚಕ್ಕಣಗಳನ್ನು ಸವಿಯುತ್ತ ಕುಡಿಯುತ್ತಾರೆ. ಅಮಲೇರಿದ ಮೇಲೆ ಆಗುವುದನ್ನೂ ಕವಿ ಬಿಡದೆ ಹೇಳುತ್ತಾನೆ. ಕುಡಿತ ದೋಷರಹಿತ ಎಂದು ಅವನು ವಾದಿಸುತ್ತಿಲ್ಲ. ಆದರೆ ಅಲ್ಲಿ ಪಾತ್ರೆ ಚಿಕ್ಕದು, ಜೊತೆಗಾರರು ಪರಿಚಿತರು, ಹೊಟ್ಟೆಗೆ ಏನಾದರೂ ಬೀಳುತ್ತದೆ, ಯಾರ ಸರದಿ ಯಾವಾಗ ಎಂಬುದು ಗೊತ್ತಿದೆ. ಕಡಕ್ ಪೇಯವನ್ನು ಕುಡಿಯುವ ಯಾವ ನಾಡಿನಲ್ಲಾದರೂ ನಿಯಮಗಳು ಸುಮಾರು ಇವೇ.

ಪಂಪನ ನಂತರ ಸುಮಾರು ಎರಡು ಶತಮಾನಕ್ಕೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿರುವ ಆ ಗ್ರಂಥದ ಕೊನೆಯ ಭಾಗ ಕ್ರೀಡೆಗಳದ್ದು. ಜಲಕ್ರೀಡೆ, ಚದುರಂಗ, ಒಗಟುಗಳ ಸಾಲಿನಲ್ಲೇ ಮದಿರಾಪಾನ ಕ್ರೀಡೆಯೂ ಇದೆ. ಕ್ರೀಡೆ ಎಂದಮೇಲೆ ಅದಕ್ಕೆ ಕಟ್ಟಳೆ ಇರಲೇಬೇಕು. ಇನ್ನೂ ಹಿಂದಕ್ಕೆ ಹೋದರೆ ಅರ್ಥಶಾಸ್ತ್ರದ ಸುರಾಧ್ಯಕ್ಷ ಸಿಗುತ್ತಾನೆ. ಪಾನಗೃಹದಲ್ಲಿ ಬೇರೆ ಬೇರೆ ಕೋಣೆಗಳು, ಆಸನಗಳು, ಋತುವಿಗೆ ತಕ್ಕ ಹೂವು, ಗಂಧ, ನೀರು ಇರಬೇಕೆಂದು ಅಲ್ಲಿ ಹೇಳಿದೆ. ಹೊರಗೆ ಒಯ್ಯುವವರಿಗೆ ಕೊಡುವುದಾದರೆ ಸ್ವಲ್ಪವೇ ಕೊಡಬೇಕು, ಅದೂ ನಡತೆ ಗೊತ್ತಿದ್ದವರಿಗೆ ಮಾತ್ರ. ಧಾನ್ಯದಿಂದ ಮಾಡುವ ಸುರೆ ಬಿಯರಿನ ಹತ್ತಿರದ ನೆಂಟ. ಅದನ್ನು ಹುದುಗಿಸಲು ಉದ್ದು, ಅಕ್ಕಿ, ಮೂಲಿಕೆಗಳಿಂದ ಮಾಡುತ್ತಿದ್ದ ಹೆಪ್ಪಿನ ಹೆಸರು ಕಿಣ್ವ. ನಮ್ಮ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಬರುವ ಕಿಣ್ವ ಎಂಬ ಪದ ಸುರೆಯ ಮಡಕೆಯಿಂದ ಎದ್ದು ಬಂದದ್ದು.

ಇವೆಲ್ಲ ಅರಮನೆಯ, ಶಾಸ್ತ್ರದ ಮಾತಾಯಿತು. ಮಾರುವವನ ದನಿ ಕೇಳಬೇಕಾದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬರಬೇಕು. ಶರಣರಲ್ಲಿ ಹೆಂಡದ ಮಾರಯ್ಯ ಎಂಬವನಿದ್ದ. ಧರ್ಮೇಶ್ವರಲಿಂಗ ಅವನ ಅಂಕಿತ. ಹೆಂಡ ಮಾರುವ ಕಾಯಕ ಅವನ ಹೆಸರಿನಲ್ಲೇ ಉಳಿದುಕೊಂಡಿದೆ. ಕುಡಿತವನ್ನು ಹೊಗಳದ ಚಳವಳಿಯೊಂದು ಹೆಂಡ ಮಾರುವವನನ್ನು ಹೊರಗಿಡದೆ ಒಳಗೆ ಕೂರಿಸಿಕೊಂಡಿತ್ತು. ಮುಂದಿನ ಚರಿತ್ರೆ ಅವನಂಥವರ ಬಗ್ಗೆ ಇಷ್ಟು ಉದಾರವಾಗಿರಲಿಲ್ಲ.

ಅದಕ್ಕೆ ಒಳ್ಳೆಯ ಉದಾಹರಣೆ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲೇ ಇದೆ. ಬಿಜಾಪುರದಲ್ಲಿ ಕೂತು ಹದಿನೇಳನೆಯ ಶತಮಾನದ ಆರಂಭದಲ್ಲಿ ಚರಿತ್ರೆ ಬರೆದ ಫಿರಿಶ್ತಾ ಹೇಳುವ ಕತೆ ಇದು. ಬಹಮನಿಯ ಒಂದನೆಯ ಮಹಮದ್ ಶಾ ಗಾಯನಗೋಷ್ಠಿಯೊಂದರಲ್ಲಿ ಕುಡಿದ ಗುಂಗಿನಲ್ಲಿದ್ದಾಗ, ಹಾಡುಗಾರರ ಸಂಭಾವನೆಯನ್ನು ವಿಜಯನಗರದ ಖಜಾನೆ ಕೊಡಲಿ ಎಂದು ಹುಂಡಿ ಬರೆಸಿದನಂತೆ. ಮಂತ್ರಿ ತಡೆಯಲು ನೋಡಿದರೂ ಕೇಳಲಿಲ್ಲ. ಹುಂಡಿ ತಂದವನನ್ನು ವಿಜಯನಗರದವರು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿ, ತುಂಗಭದ್ರೆ ದಾಟಿ ಬಂದು ಮುದಗಲ್ ಕೋಟೆಯನ್ನು ಹಿಡಿದರು. ಒಳಗಿದ್ದವರನ್ನು ಕೊಂದರು. 1366ರ ಯುದ್ಧ ಹೀಗೆ ಹತ್ತಿಕೊಂಡಿತು ಎಂಬುದು ಅವನ ನಿರೂಪಣೆ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಫಲವತ್ತಾದ ದೋಆಬಿಗಾಗಿ ಎರಡೂ ರಾಜ್ಯಗಳು ಹೇಗೂ ಕಾದಾಡುತ್ತಿದ್ದವು. ಒಂದು ಬಟ್ಟಲು ಮದ್ಯವೇ ಕಾರಣವೆಂದು ನಂಬಬೇಕಿಲ್ಲ. ಗಮನಿಸಬೇಕಾದದ್ದು ಕತೆಯ ಬಾಲ. ಮುಂದೆ ಇದೇ ಸುಲ್ತಾನ ಸೂಫಿ ಸಂತರೊಬ್ಬರ ಮಾತಿಗೆ ತಲೆಬಾಗಿ ರಾಜ್ಯದ ಮದ್ಯದಂಗಡಿಗಳನ್ನು ಮುಚ್ಚಿಸಿದನೆಂದೂ ಫಿರಿಶ್ತಾ ಬರೆಯುತ್ತಾನೆ. ಅಮಲೇರಿದ್ದು ದರ್ಬಾರಿನಲ್ಲಿ, ತಲೆ ಉರುಳಿದ್ದು ಮುದಗಲ್ಲಿನಲ್ಲಿ, ಬಾಗಿಲು ಮುಚ್ಚಿದ್ದು ಊರಿನ ಅಂಗಡಿಯದ್ದು.

ಆ ಅಂಗಡಿಗಳಲ್ಲಿ ಏನು ಮಾರುತ್ತಿದ್ದರೋ, ನಮ್ಮ ಭಾಗದ ಜನಸಾಮಾನ್ಯರ ಪೇಯವಾಗಿ ಇತ್ತೀಚಿನವರೆಗೂ ಉಳಿದು ಬಂದದ್ದು ಸೇಂದಿ. ಹಳ್ಳದ ದಂಡೆಯ ಈಚಲು ಮರದ ತಲೆಯ ಬಳಿ ಕೆತ್ತಿ, ಸಂಜೆ ಮಡಕೆ ಕಟ್ಟಿದರೆ ರಾತ್ರಿಯಿಡೀ ರಸ ಸೋರುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದ ನೀರಾ. ಬಳಿಯದಿದ್ದರೆ ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟ್ ತಾನಾಗಿಯೇ ಕೆಲಸಕ್ಕೆ ಇಳಿಯುತ್ತದೆ. ಬೆಳಿಗ್ಗೆ ಇಳಿಸಿದಾಗ ಸಿಹಿ, ಮೇಲೆ ಬೆಳ್ಳನೆ ನೊರೆ. ಬಿಸಿಲು ಏರಿದಂತೆ ಸಿಹಿ ಇಳಿದು ಮದ್ಯಸಾರ ಏರುತ್ತದೆ. ಸಂಜೆಗೆ ಕಡಕ್. ಮರುದಿನಕ್ಕೆ ಹುಳಿ ಹೆಚ್ಚಾಗಿ ವಿನೆಗರಿನ ದಾರಿ ಹಿಡಿಯುತ್ತದೆ. ಹೀಗೆ ಒಂದೇ ಮಡಕೆ ದಿನದಲ್ಲಿ ಮೂರು ರುಚಿ ಕೊಡುತ್ತದೆ. ಯಾವ ಹೊತ್ತಿನ ಸೇಂದಿ ಎಂಬುದನ್ನು ನಾಲಿಗೆ ಗಡಿಯಾರದಷ್ಟೇ ಖಚಿತವಾಗಿ ಹೇಳಬಲ್ಲದು. ನೀರು ಬೆರೆತರೆ ತಿಳಿಯುತ್ತದೆ. ನಿನ್ನೆಯದನ್ನು ಇವತ್ತಿನದಕ್ಕೆ ಬೆರೆಸಿದರೂ ತಿಳಿಯುತ್ತದೆ. ರುಚಿ ಇಲ್ಲಿ ಶೋಕಿ ಅಲ್ಲ, ಕುಡಿಯುವವನ ಕೈಯಲ್ಲಿದ್ದ ಏಕೈಕ ತಪಾಸಣೆ.

ನಮ್ಮಲ್ಲಿ ಒಂದು ಗಾದೆ ಇದೆ: ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ. ಲೋಕಾಪವಾದದ ಗಾದೆ ಅದು. ಆದರೆ ಅದನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ದೂರದಿಂದ ನೋಡುವವನಿಗೆ ಕಾಣುವುದು ಮರ ಮತ್ತು ಬಿಳಿ ಬಣ್ಣ. ಒಳಗೇನಿದೆ ಎಂಬುದು ಗೊತ್ತಿರುವುದು ಬಾಯಿಗೆ ಮಾತ್ರ. ಸರ್ಕಾರ ಯಾವತ್ತೂ ದೂರದಿಂದಲೇ ನೋಡಿತು.

ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಅಬಕಾರಿಯು ಭೂಕಂದಾಯದ ನಂತರದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಲಿಂಗಸುಗೂರು ಆಗ ಬರೀ ತಾಲೂಕು ಕೇಂದ್ರವಲ್ಲ, 1905ರಲ್ಲಿ ರಾಯಚೂರಿಗೆ ಸೇರುವವರೆಗೆ ಅದೇ ಒಂದು ಜಿಲ್ಲೆ. ಮರಕ್ಕೆ ಇಷ್ಟು ತೆರಿಗೆ, ಅಂಗಡಿಗೆ ಇಷ್ಟು ಗುತ್ತಿಗೆ ಎಂಬ ಲೆಕ್ಕದಲ್ಲಿ ಈಚಲು ಮರ ಒಂದು ಸಂಖ್ಯೆಯಾಯಿತು. ಮರ ಹತ್ತುವ ಈಡಿಗನಿಗೂ ಕುಡಿಯುವ ಕೂಲಿಯವನಿಗೂ ನಡುವೆ ಗುತ್ತೇದಾರ ಬಂದು ನಿಂತ. ಗುತ್ತೇದಾರ ಹರಾಜಿನಲ್ಲಿ ಕಟ್ಟಿದ ಹಣ ವಾಪಸ್ ಬರಬೇಕಾದರೆ ಮರ ಕೊಡುವುದಕ್ಕಿಂತ ಹೆಚ್ಚು ಸೇಂದಿ ಮಾರಾಟವಾಗಬೇಕು. ಮರಕ್ಕೆ ಮಿತಿಯುಂಟು, ಹರಾಜಿಗೆ ಇಲ್ಲ. ಕಲಬೆರಕೆಯ ಬೀಜ ಬಿದ್ದದ್ದು ಯಾರದೋ ದುಷ್ಟತನದಿಂದಲ್ಲ, ಈ ಲೆಕ್ಕದಿಂದ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, 1965ರ ಅಬಕಾರಿ ಕಾಯ್ದೆ ಬಂತು. ಲೆಕ್ಕದ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಬಿಯರ್ ಬರುತ್ತಿತ್ತು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವನು ದಕ್ಷಿಣ ಭಾರತದ ಕೆಲವು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದೊಡ್ಡ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಬ್ರಿಟಿಷ್ ಸೈನಿಕರಿಗೆ ಹೋಗುತ್ತಿದ್ದವು. ದಂಡಿನವರ ಪೇಯ ನಿಧಾನವಾಗಿ ಬಾಟಲಿಯಲ್ಲಿ ತಾಲೂಕು ಕೇಂದ್ರಗಳಿಗೂ ಇಳಿಯಿತು. ಆದರೆ ಇಲ್ಲಿ ಗೆದ್ದದ್ದು ಹಗುರ ಬಿಯರ್ ಅಲ್ಲ, ಸ್ಟ್ರಾಂಗ್. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನದಂಡದಂತೆ ಮದ್ಯಸಾರ ಶೇ. 5 ದಾಟಿ ಶೇ. 8ರವರೆಗೆ ಇದ್ದರೆ ಅದು ಸ್ಟ್ರಾಂಗ್ ಬಿಯರ್. ದೇಶದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಇದೇ. ದಿನವಿಡೀ ಬಿಸಿಲಲ್ಲಿ ದುಡಿದವನು ಒಂದು ಬಾಟಲಿಯ ದುಡ್ಡಿಗೆ ಎಷ್ಟು ಅಮಲು ಸಿಗುತ್ತದೆ ಎಂದು ಲೆಕ್ಕ ಹಾಕಿದರೆ ಅವನನ್ನು ದೂರುವಂತಿಲ್ಲ. ಸರ್ಕಾರವೂ ಗುತ್ತೇದಾರನೂ ಅವನಿಗೆ ಕಲಿಸಿದ್ದು ಅದೇ ಲೆಕ್ಕ. ಇನ್ನು ಬಡಿಸುವ ಕ್ರಮ ಎಂದರೆ ಒಂದೇ: ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು. ಅತಿಯಾದ ತಂಪು ನಾಲಿಗೆಯನ್ನು ಜೋಮು ಹಿಡಿಸುತ್ತದೆ, ವಾಸನೆಯನ್ನು ಮೇಲೇಳಲು ಬಿಡುವುದಿಲ್ಲ. ರುಚಿ ತಿಳಿಯದಿರಲಿ ಎಂದೇ ಅಷ್ಟು ತಣ್ಣಗೆ ಕೊಡುತ್ತಾರೇನೋ ಅನ್ನಿಸುತ್ತದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕೂ ಮುಂಚೆಯೇ ನಮ್ಮ ಭಾಗದಲ್ಲಿ ಸೇಂದಿಯ ಪರವಾನಗಿ ನಿಂತಿತ್ತು. ಮರ ಹತ್ತುವವರ ಕಸುಬು ಹೋಯಿತು, ಸೇಂದಿಯ ಹೆಸರು ಹೋಗಲಿಲ್ಲ. ಆ ಹೆಸರಿನಲ್ಲಿ ಇನ್ನೊಂದು ವಸ್ತು ಬಂತು. ರಾಯಚೂರಿನ ಪತ್ರಿಕೆ ಓದುವವರಿಗೆ 'ಸಿ.ಎಚ್. ಪೌಡರ್' ಹೊಸ ಮಾತಲ್ಲ. ಅದು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ತಯಾರಿಸಿದ, 1869ರಿಂದ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂದ ರಾಸಾಯನಿಕ. ನೀರಿಗೆ ಇದನ್ನು ಬೆರೆಸಿ, ಬಿಳುಪು ಬರಿಸಿ, ಸಿಹಿ ಹಾಕಿದರೆ ಈಚಲು ಮರವೇ ಇಲ್ಲದೆ 'ಸೇಂದಿ' ಸಿದ್ಧ. ಅದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಥರ ಇರುತ್ತದೆ, ಹುಳಿಯುವುದಿಲ್ಲ. ಚಟಕ್ಕೆ ಬಿದ್ದವರಿಗೆ ಒಂದು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಚಿತ್ತ ಕದಡುತ್ತದೆ. ಹುಳಿಯದ ಸೇಂದಿ ಸೇಂದಿಯಲ್ಲ ಎಂದು ಹಿಂದಿನವರ ನಾಲಿಗೆ ಮೊದಲ ಗುಟುಕಿಗೇ ಹೇಳುತ್ತಿತ್ತು. ಹಾಗೆ ಹೇಳಬಲ್ಲ ನಾಲಿಗೆಗಳು ಒಂದು ತಲೆಮಾರಿನೊಳಗೆ ಇಲ್ಲವಾದವು.

ಕುಡಿತದಿಂದ ಮನೆ ಮುರಿದವರ ಎದುರು ರುಚಿಯ ಮಾತಾಡುವುದು ಸರಿಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಹೆಂಗಸರಲ್ಲಿ ರಾಯಚೂರು ಜಿಲ್ಲೆಯ ಕೂಲಿ ಹೆಣ್ಣುಮಕ್ಕಳೂ ಇದ್ದರು. ಅವರ ಕೋಪ ಪಂಪನ ಪಾನಗೋಷ್ಠಿಯ ಮೇಲಲ್ಲ. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುವ, ಚಕ್ಕಣವೂ ಇಲ್ಲದೆ, ಕೂರಲು ಜಾಗವೂ ಇಲ್ಲದೆ, ನಿಂತಲ್ಲೇ ಗಂಟಲಿಗೆ ಸುರಿದುಕೊಳ್ಳುವ ಕುಡಿತದ ಮೇಲೆ. ಮರ್ಯಾದೆ ಕಳೆದುಕೊಂಡ ಕುಡಿತ ಹೇಗಿರುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿಲ್ಲ. ಈ ಚರಿತ್ರೆ ಅವರ ವಾದಕ್ಕೆ ಎದುರು ಸಾಕ್ಷಿಯಲ್ಲ.

ಬೆಂಗಳೂರಿನಲ್ಲಿ 2010ರ ನಂತರ ಹುಟ್ಟಿಕೊಂಡ ಕ್ರಾಫ್ಟ್ ಬಿಯರ್ ಮನೆಗಳು ಈಗ ಹೊಸಬರಿಗೆ ಕಲಿಸುವುದೂ ಹಳೆಯ ಪಾಠವನ್ನೇ. ಬಾರ್ಲಿ ವೈನ್, ಇಂಪೀರಿಯಲ್ ಸ್ಟೌಟ್‌ನಂಥ, ಶೇ. 8ನ್ನೂ ದಾಟಬಲ್ಲ ಬಗೆಗಳನ್ನು ದೊಡ್ಡ ಮಗ್ಗಿನಲ್ಲಿ ಕೊಡುವ ಪದ್ಧತಿ ಇಲ್ಲ. ಬಾಯಿ ಕಿರಿದಾದ ಸಣ್ಣ ಗ್ಲಾಸಿನಲ್ಲಿ, 10ರಿಂದ 13 ಡಿಗ್ರಿಯ ಸಾಧಾರಣ ತಂಪಿನಲ್ಲಿ, ವಾಸನೆ ಹಿಡಿದಿಡುವಷ್ಟು ನೊರೆ ಬಿಟ್ಟು ಸುರಿಯುತ್ತಾರೆ. ಹಗುರವಾದದ್ದು ಮೊದಲು, ಕಡಕ್ ಕೊನೆಗೆ. ಮೊದಲು ಮೂಗು, ಆಮೇಲೆ ಒಂದು ಸಣ್ಣ ಗುಟುಕು, ನಡುವೆ ನೀರು, ಜೊತೆಗೆ ತಿನಿಸು. ಯಾವ ಧಾನ್ಯ, ಯಾವ ಯೀಸ್ಟ್, ಯಾವತ್ತು ಮಾಡಿದ್ದು ಎಂದು ಕೇಳಿದರೆ ಹೇಳುವವನೊಬ್ಬ ಎದುರಿಗಿರುತ್ತಾನೆ.

ಈಚಲು ಮರದ ಕೆಳಗಿನವನಿಗೂ ಇವಿಷ್ಟೂ ಗೊತ್ತಿತ್ತು: ಯಾವ ಮರ, ಯಾವ ಹೊತ್ತು, ಇಳಿಸಿದವರು ಯಾರು. ವ್ಯತ್ಯಾಸ ಇಷ್ಟೇ. ಆ ಪ್ರಶ್ನೆಗಳನ್ನು ಕೇಳುವ ಹಕ್ಕಿಗೆ ಈಗ ಬೆಂಗಳೂರಿನಲ್ಲಿ ನೂರಾರು ರೂಪಾಯಿ ಬೆಲೆ. ಲಿಂಗಸುಗೂರಿನಲ್ಲಿ ಅವನ್ನು ಕೇಳಿದರೆ ಉತ್ತರಿಸುವವರಿಲ್ಲ. ತಟ್ಟೆಯಲ್ಲಿ ಚಕ್ನಾ ಮಾತ್ರ ಬರುತ್ತದೆ, ರುಚಿ ನೋಡು ಎಂಬ ತನ್ನ ಹಳೆಯ ಅರ್ಥವನ್ನು ಹೊತ್ತುಕೊಂಡು.