ದೊನಾತಿಸ್ಟ್ ವಿವಾದ

ಕ್ರೈಸ್ತ ಸಭೆಗೆ ಸೇರಿದವರು ಯಾರು ಎಂಬ ಪ್ರಶ್ನೆಯ ಮೇಲೆ 4-5ನೆಯ ಶತಮಾನಗಳಲ್ಲಿ ರೋಮನ್ ಉತ್ತರ ಆಫ್ರಿಕವನ್ನು ಸೀಳಿದ ಒಡಕು. ಸಾಮ್ರಾಟ ಡಯೊಕ್ಲೀಷಿಯನ್ 303ರಲ್ಲಿ ಆರಂಭಿಸಿದ ಹಿಂಸೆಯ ವೇಳೆ ಕೆಲವು ಪಾದ್ರಿಗಳು ಪ್ರಾಣಭಯದಿಂದ ಪವಿತ್ರಗ್ರಂಥದ ಪ್ರತಿಗಳನ್ನು ಅಧಿಕಾರಿಗಳ ಕೈಗೊಪ್ಪಿಸಿದ್ದರು. ಈ ಆರೋಪ ಹೊತ್ತ ಆಪ್ತುಂಗಿಯ ಫೆಲಿಕ್ಸ್, ಸಿಸಿಲಿಯನನಿಗೆ ಕಾರ್ಥೇಜಿನ ಬಿಷಪ್ ಪಟ್ಟ ಕಟ್ಟಿದಾಗ ವಿರೋಧಿಗಳು ಪ್ರತಿಸ್ಪರ್ಧಿ ಬಿಷಪನನ್ನು ನಿಲ್ಲಿಸಿದರು. ಅವರ ನಾಯಕ ದೊನಾತನಿಂದ ಪಂಥಕ್ಕೆ ಹೆಸರು ಬಂತು. ಕಳಂಕಿತನ ಕೈಯಿಂದಾದ ದೀಕ್ಷಾಸ್ನಾನ ಸಲ್ಲದೆಂದು ಅವರು ಮತ್ತೊಮ್ಮೆ ದೀಕ್ಷೆ ಕೊಡುತ್ತಿದ್ದರು. 314ರ ಆರ್ಲ್ ಸಭೆ ಇದನ್ನು ಒಪ್ಪಲಿಲ್ಲ.

ವಿವಾದದ ಅಮೂಲ್ಯ ಫಲವೆಂದರೆ ಹಿಪ್ಪೊ ಬಿಷಪ್ ಅಗಸ್ಟೀನನ ಉತ್ತರ. ದೀಕ್ಷೆ ಕೊಡುವವನು ಕ್ರಿಸ್ತನೇ ಹೊರತು ಪಾದ್ರಿಯಲ್ಲ. ಪಾದ್ರಿಯ ಪಾಪ ಆ ಕೃಪೆಯನ್ನು ಕೆಡಿಸಲಾರದು. ಗೋಧಿ, ಕಳೆ ಎರಡೂ ಸುಗ್ಗಿಯವರೆಗೆ ಒಂದೇ ಹೊಲದಲ್ಲಿರುತ್ತವೆ ಎಂಬ ಯೇಸುವಿನ ಸಾಮತಿಯನ್ನು ಆತ ಮತ್ತೆ ಮತ್ತೆ ಮುಂದಿಟ್ಟ. ಎಡವಿ ಪಶ್ಚಾತ್ತಾಪಪಟ್ಟವನಿಗೆ ಇದಕ್ಕಿಂತ ದೊಡ್ಡ ಆಸರೆಯಿಲ್ಲ. ಇದೇ ಅಗಸ್ಟೀನ ಮುಂದೆ ದೊನಾತಿಸ್ಟರ ಮೇಲೆ ರಾಜ್ಯಬಲ ಪ್ರಯೋಗವನ್ನು ಸಮರ್ಥಿಸಿದ್ದು ನೋವಿನ ಸಂಗತಿ. 411ರ ಕಾರ್ಥೇಜ್ ಸಮಾವೇಶದ ತೀರ್ಪು ಅವರ ವಿರುದ್ಧ ಬಂತು. ನಿಷೇಧದ ನಂತರವೂ ಪಂಥ ಬಹುಕಾಲ ಉಳಿಯಿತು.

ದೀಕ್ಷೆ ಕೊಡುವವನು ಕ್ರಿಸ್ತನೇ ಎಂಬ ಆ ತತ್ತ್ವದಂತೆ, ತ್ರಿತ್ವದ ಹೆಸರಿನಲ್ಲಿ ನೀರಿನಿಂದ ದೀಕ್ಷೆಯಾಗಿದ್ದರೆ, ಪ್ರೊಟೆಸ್ಟೆಂಟ್ ಸಭೆಯಿಂದ ಬಂದವರಿಗೆ ಕ್ಯಾಥೊಲಿಕ್ ಸಭೆ ಇಂದಿಗೂ ಮರುದೀಕ್ಷೆ ಕೊಡುವುದಿಲ್ಲ.