ಹಂಚಿನ ಕಾರ್ಖಾನೆ ಮತ್ತು ಶಿಷ್ಯತ್ವ

ಮುಂಬೈಯಲ್ಲಿ ಹಳೇ ಚಾಳುಗಳನ್ನು ಕೆಡವುವಾಗ ಇಳಿಸಿ ಜೋಡಿಸಿಡುವ ಕೆಂಪು ಹಂಚಿಗೆ ಇಲ್ಲಿನ ಮರಾಠಿಗರು 'ಮಂಗಳೋರಿ ಕೌಲ' ಅಂತಲೇ ಹೇಳುತ್ತಾರೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗಿಂತ ಎಷ್ಟೋ ಮೊದಲೇ ನಮ್ಮ ನೇತ್ರಾವತಿಯ ಮಣ್ಣು ಇಲ್ಲಿ ಮಾಡು ಹತ್ತಿ ಕೂತಿತ್ತು. ಆ ಹಂಚಿನ ಹಿಂದೆ ಒಂದು ಧರ್ಮಸಂಕಟವಿತ್ತು ಎಂಬುದು ಮಾತ್ರ ನಮ್ಮವರಲ್ಲೇ ಅನೇಕರಿಗೆ ಗೊತ್ತಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಅವರು ಬಂದದ್ದು ಸುವಾರ್ತೆ ಸಾರಲಿಕ್ಕೆ, ಹಂಚು ಮಾಡಲಿಕ್ಕಲ್ಲ. ಎರಡು ವರ್ಷದ ಮೇಲೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. ಇವು ನಮಗೆಲ್ಲ ಬಾಯಿಪಾಠ. ಆದರೆ ಕ್ರಿಸ್ತನ ಶಿಷ್ಯರಾಗಲು ಒಪ್ಪಿದ ನಮ್ಮ ಜನರ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದರು. ಜಾತಿ ಹೋಯಿತು, ಮನೆಯ ಬಾಗಿಲು ಮುಚ್ಚಿತು. ಮೋಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು, ಬಂದು ಮಂಗಳೂರಲ್ಲೇ ಪಾಠ ಹೇಳಿದರು. ಕೊಡಗಿನಲ್ಲಿ ದೀಕ್ಷೆ ಪಡೆದ ದಲಿತ ಕೂಲಿಕಾರರ ವಸತಿಗೆ ಆನಂದಪುರ ಎಂಬ ಹೆಸರು ಬಂದದ್ದು ಇವರಿಂದ. ಪರದೇಶವಾಸ ಅಂದರೆ ರೈಲು ಹತ್ತುವುದು ಅಂತ ನಾವು ತಿಳಿದಿದ್ದೇವೆ. ಇವರು ಹುಟ್ಟಿದ ಊರಲ್ಲೇ ಪರದೇಶಿಯಾದವರು.

ಕೌಂಡಿನ್ಯರಿಗೆ ವಿದ್ಯೆಯಾದರೂ ಇತ್ತು. ಬಡವರ ಪಾಡು ಬೇರೆ. ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಕಳ್ಳು ಇಳಿಸುವ ಮೂರ್ತೆ ಕಸುಬನ್ನು ಸಭೆ ಒಪ್ಪಲಿಲ್ಲ, ಬಿಡಿ ಅಂದಿತು. ಇನ್ನು ಕುಲದಿಂದ ಹೊರಬಿದ್ದವನಿಗೆ ಗೇಣಿಗೆ ಗದ್ದೆ ಯಾರು ಕೊಡಬೇಕು? 'ಎಲ್ಲವನ್ನು ಬಿಟ್ಟು ಬಾ' ಅಂತ ಹೇಳುವುದು ಸುಲಭ. ಬಿಟ್ಟು ಬಂದವನ ಮಕ್ಕಳಿಗೆ ರಾತ್ರಿ ಗಂಜಿ ಬೇಕಲ್ಲ! ಹೀಗೆ ನೇಯ್ಗೆ ಶುರುವಾಯಿತು. 1851ರಲ್ಲಿ ಹಾಲರ್ ಎಂಬ ನೇಕಾರ ಮಿಷನರಿ ಬಂದು ಮಗ್ಗ ಸುಧಾರಿಸಿದರು. ಅವರ ಕಾಲದಲ್ಲೇ ಖಾಕಿ ಬಟ್ಟೆ ಹೊರಬಂತು. 1865ರಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಇಟ್ಟರು.

ಇಷ್ಟರಲ್ಲಿ, 1859ರಲ್ಲಿ, ಬಾಸೆಲ್‌ನಲ್ಲಿ ಒಂದು ಷೇರು ಕಂಪೆನಿಯನ್ನೇ ಕಟ್ಟಿದ್ದರು. ಷೇರುದಾರರಿಗೆ ಇಷ್ಟೇ ಎಂಬ ಮಿತಿಯ ಲಾಭಾಂಶ, ಮಿಕ್ಕಿದ್ದು ಮಿಷನ್ ಕೆಲಸಕ್ಕೆ. ನಾವು ಎಂ.ಕಾಂ.ನಲ್ಲಿ ಓದಿದ ಯಾವ ಪಠ್ಯದಲ್ಲೂ ಇಂಥ ಕಂಪೆನಿ ಇರಲಿಲ್ಲ!

ತಕರಾರು ಮಿಷನ್ನಿನ ಒಳಗೇ ಎದ್ದಿತು. ಸಂಬಳ ಕೊಡುವವನೂ ಅವನೇ, ಪ್ರಸಂಗ ಹೇಳುವವನೂ ಅವನೇ ಆದರೆ, ಕೂಲಿಯವನು ನಂಬಿದ್ದು ಯಾರನ್ನು? ಇದು ಹೊರಗಿನವರ ಕುಹಕ ಮಾತ್ರವಲ್ಲ. ಮೂವತ್ತು ಚಿಲ್ಲರೆ ವರ್ಷ ಸಾಲದ ಕಡತ ನೋಡಿದವನಾಗಿ ನನಗೂ ಈ ಅನುಮಾನ ಸರಿಯೆಂದೇ ಕಾಣುತ್ತದೆ. ಕೊಡುವ ಕೈ ಮತ್ತು ಬೇಡುವ ಕೈ ನಡುವೆ ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ. ಆದರೂ ಕಾರ್ಖಾನೆ ಇಡದೆ, ಹಸಿದವರನ್ನು ಪ್ರಾರ್ಥನೆ ಹೇಳಿ ಕಳಿಸಿದ್ದರೆ ಅದನ್ನು ಸೇವೆ ಅನ್ನುತ್ತಿದ್ದೆವೆ? ನಾನಂತೂ ಅನ್ನುತ್ತಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಬಂದದ್ದು ವಾದದಿಂದಲ್ಲ, 1914ರ ಯುದ್ಧದಿಂದ. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿಟ್ಟಿತು, ಆಮೇಲೆ ದೇಶಕ್ಕೆ ಸಾಗಹಾಕಿತು. (ಈಗ ಅಹಿಲ್ಯಾನಗರ, ಪುಣೆಯ ನಮ್ಮವರಿಗೆ ಕೂಗಳತೆಯ ಊರು.) ಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಗುರುಗಳಿಲ್ಲ, ಹಳೇ ಧಣಿಗಳೂ ಇಲ್ಲ. ಕೂಲಿಗಾಗಿಯೇ ಸೇರಿದವರಾಗಿದ್ದರೆ ಅಂದೇ ಚದರಬೇಕಿತ್ತು. ಸಭೆಗಳು ಉಳಿದವು. ತುಳು, ಕನ್ನಡ ಮಾತಾಡುವ ನಮ್ಮವರೇ ಸಭಾಪಾಲಕರಾಗಿ, ಉಪದೇಶಿಗಳಾಗಿ ಭಾನುವಾರದ ಆರಾಧನೆ ನಡೆಸಿಕೊಂಡು ಹೋದರು.