ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆ

ಯೂರೋಪಿನ ಹಿರಿಯ ಚಿತ್ರಶಾಲೆಗಳಲ್ಲಿ ಅನೇಕವು ಅರಸರ ಭಂಡಾರಗಳಿಂದ ಹುಟ್ಟಿದವು. ಪ್ಯಾರಿಸಿನ ಲೂವ್ರ್ ಅರಮನೆಯ ಬಾಗಿಲನ್ನು 1793ರಲ್ಲಿ ಪ್ರಜೆಗಳಿಗೆ ತೆರೆದುದು ಫ್ರೆಂಚರ ಕ್ರಾಂತಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕಥೆ ಬೇರೆ. ಅಲ್ಲಿ ದೊರೆಯ ಚಿತ್ರಗಳು ದೊರೆಯ ಬಳಿಯಲ್ಲಿಯೇ ಉಳಿದವು. ಪ್ರಜೆಗಳ ಚಿತ್ರಗಳನ್ನು ಬೊಕ್ಕಸದ ಹಣದಿಂದ ಕೊಳ್ಳಬೇಕಾಯಿತು.

ಜಾನ್ ಜೂಲಿಯಸ್ ಆಂಗರ್‌ಸ್ಟೈನ್ ಎಂಬುವನು ಹಡಗುಗಳ ವಿಮೆಯ ವ್ಯವಹಾರದಲ್ಲಿ ಐಶ್ವರ್ಯವನ್ನು ಗಳಿಸಿದವನು. ವೆಸ್ಟ್ ಇಂಡೀಸಿನಲ್ಲಿ ಗುಲಾಮರು ದುಡಿಯುತ್ತಿದ್ದ ತೋಟಗಳೊಡನೆಯೂ ಅವನಿಗೆ ವ್ಯವಹಾರ ಸಂಬಂಧವಿತ್ತು. ಈ ಮಾತನ್ನು ಮರೆಮಾಡಿ ಮುಂದೆ ಸಾಗುವುದು ನಮಗೆ ಸರಿಯೆಂದು ತೋರದು. ಅವನು ತೀರಿಕೊಂಡ ಮರುವರ್ಷ, 1824ರಲ್ಲಿ, ಪಾರ್ಲಿಮೆಂಟು 57,000 ಪೌಂಡುಗಳನ್ನು ಕೊಟ್ಟು ಅವನ 38 ಚಿತ್ರಗಳನ್ನು ಕೊಂಡಿತು. ಪಾಲ್ ಮಾಲ್ ಬೀದಿಯಲ್ಲಿದ್ದ ಅವನ ಮನೆಯೇ ಮೊದಲ ಚಿತ್ರಶಾಲೆ. ಲೂವ್ರಿನ ವೈಭವದ ಮುಂದೆ ಈ ಮನೆಯನ್ನಿಟ್ಟು ಅಂದಿನ ಜನ ನಕ್ಕುದರಲ್ಲಿ ಆಶ್ಚರ್ಯವಿಲ್ಲ.

1838ರಲ್ಲಿ ವಿಲಿಯಂ ವಿಲ್ಕಿನ್ಸ್ ಕಟ್ಟಿದ ಹೊಸ ಭವನವು ಟ್ರಫಾಲ್ಗರ್ ಚೌಕದಲ್ಲಿ ತೆರೆಯಿತು. ಪಶ್ಚಿಮದ ಧನಿಕರು ಗಾಡಿಯಲ್ಲಿಯೂ ಪೂರ್ವದ ಬಡವರು ಕಾಲ್ನಡಿಗೆಯಲ್ಲಿಯೂ ಬಂದು ಸೇರಬಹುದಾದ ಸ್ಥಳವದು. ಕಟ್ಟಡದ ನೆತ್ತಿಯ ಗುಮ್ಮಟ ತೀರ ಕಿರಿದೆಂಬ ಆಕ್ಷೇಪಣೆ ಇಂದಿಗೂ ಸುಳ್ಳಾಗಿಲ್ಲ. ಊರಿನ ಹೊಗೆಯೂ ಜನಜಂಗುಳಿಯ ಧೂಳೂ ಚಿತ್ರಗಳನ್ನು ಕೆಡಿಸುತ್ತವೆ, ಅವನ್ನು ದೂರಕ್ಕೆ ಸಾಗಿಸಬೇಕೆಂದು ಮುಂದೆ ದೊಡ್ಡ ವಾದವೆದ್ದಿತು. ಆದರೂ ಚಿತ್ರಶಾಲೆ ಅಲ್ಲಿಂದ ಕದಲಲಿಲ್ಲ.

1855ರಲ್ಲಿ ಮೊದಲ ನಿರ್ದೇಶಕನಾದ ಚಾರ್ಲ್ಸ್ ಈಸ್ಟ್‌ಲೇಕನು ವರ್ಷ ವರ್ಷವೂ ಇಟಲಿಯಲ್ಲಿ ಅಲೆದನು. ರಾಫೇಲನಿಗಿಂತ ಹಿಂದಿನ ಚಿತ್ರಗಾರರನ್ನು ಒರಟರೆಂದು ಅನೇಕರು ಬಗೆಯುತ್ತಿದ್ದ ಕಾಲವದು. ಉಚ್ಚೆಲ್ಲೊ ಬರೆದ ಸಾನ್ ರೊಮಾನೊ ಯುದ್ಧದ ಚಿತ್ರ 1857ರಲ್ಲಿಯೂ, ಪಿಯೆರೊನ ಕ್ರಿಸ್ತದೀಕ್ಷಾಸ್ನಾನದ ಚಿತ್ರ 1861ರಲ್ಲಿಯೂ ಲಂಡನ್ನಿಗೆ ಬಂದವು. ಈಸ್ಟ್‌ಲೇಕನು 1865ರಲ್ಲಿ ಇಟಲಿಯ ಪೀಸಾ ನಗರದಲ್ಲಿಯೇ ಮೃತನಾದನು. ಇಂದು ಅಲ್ಲಿ 2,300ಕ್ಕೂ ಮಿಕ್ಕ ಚಿತ್ರಗಳಿವೆ. ಸಂಖ್ಯೆ ದೊಡ್ಡದಲ್ಲ, ಆಯ್ಕೆ ದೊಡ್ಡದು.

ಆದರೆ ಈ ಚಿತ್ರಗಳು ಯಾರವೆಂಬ ಪ್ರಶ್ನೆಗೆ ನಿಜವಾದ ಪರೀಕ್ಷೆ ಯುದ್ಧಕಾಲದಲ್ಲಿ ಬಂದಿತು. 1939ರ ಆಗಸ್ಟಿನಲ್ಲಿ ಚಿತ್ರಗಳನ್ನು ವೇಲ್ಸ್ ಪ್ರಾಂತಕ್ಕೆ ಸಾಗಿಸಿದರು. ಕೆನಡಾಕ್ಕೆ ಕಳುಹಿಸುವ ಸೂಚನೆಯೂ ಬಂದಿತು. ಪ್ರಧಾನಿ ಚರ್ಚಿಲ್ಲನು ಒಪ್ಪಲಿಲ್ಲ. ಕೊನೆಗೆ 1941ರಲ್ಲಿ ಮಾನೊಡ್ ಬೆಟ್ಟದ ಹೆಂಚುಗಲ್ಲಿನ ಗಣಿಯೊಳಗೆ ಅವನ್ನಿಟ್ಟರು. ವಾನ್ ಡೈಕನು ಬರೆದ, ಕುದುರೆಯನ್ನೇರಿದ ಮೊದಲನೆಯ ಚಾರ್ಲ್ಸ್ ದೊರೆಯ ಚಿತ್ರ ಹನ್ನೆರಡು ಅಡಿ ಎತ್ತರ. ಅದು ನುಸುಳಲೆಂದು ಗಣಿಯ ಬಾಯನ್ನು ಸಿಡಿಮದ್ದಿನಿಂದ ಅಗಲಿಸಿ, ದಾರಿಯ ಸೇತುವೆಯೊಂದರ ಕೆಳಗೆ ನೆಲವನ್ನೇ ತಗ್ಗಿಸಬೇಕಾಯಿತು. ಗುಹೆಯೊಳಗೆ ಇಟ್ಟಿಗೆಯ ಕೊಠಡಿಗಳನ್ನು ಕಟ್ಟಿ, ಶಾಖವನ್ನೂ ತೇವವನ್ನೂ ಒಂದೇ ಸಮವಾಗಿ ಕಾಪಾಡಿದರು. ಅಲ್ಲಿ ಚಿತ್ರಗಳು ಲಂಡನ್ನಿನಲ್ಲಿದ್ದುದಕ್ಕಿಂತ ಆರೋಗ್ಯವಾಗಿದ್ದವಂತೆ! ಇತ್ತ, 1940ರ ಅಕ್ಟೋಬರಿನಲ್ಲಿ ಬಾಂಬು ಬಿದ್ದು, ಹಿಂದೆ ರಾಫೇಲನ ಚಿತ್ರಗಳಿದ್ದ ಕೋಣೆ ಹಾಳಾಯಿತು.

ಬರಿದಾದ ಭವನದಲ್ಲಿ ಪಿಯಾನೊವಾದಕಿ ಮೈರಾ ಹೆಸ್ ಮಧ್ಯಾಹ್ನದ ಕಚೇರಿಗಳನ್ನು ನಡೆಸಿದರು. ಪ್ರವೇಶಕ್ಕೆ ಒಂದು ಷಿಲಿಂಗು. ಆದರೂ ಜನಕ್ಕೆ ಚಿತ್ರಗಳೇ ಬೇಕಾಗಿದ್ದವು. 1942ರಲ್ಲಿ ಒಬ್ಬರು ಪತ್ರಿಕೆಗೆ ಬರೆದು, ಆಗತಾನೆ ಕೊಂಡಿದ್ದ ರೆಂಬ್ರಾಂಟನ ಚಿತ್ರವನ್ನಾದರೂ ತೋರಿಸಬೇಕೆಂದು ಕೇಳಿದರು. ನಿರ್ದೇಶಕ ಕೆನೆತ್ ಕ್ಲಾರ್ಕ್ ಒಪ್ಪಿದರು. ಆ ವರ್ಷದಿಂದ ತಿಂಗಳಿಗೊಂದರಂತೆ ಒಂದೇ ಒಂದು ಚಿತ್ರ ಗಣಿಯಿಂದ ನಗರಕ್ಕೆ ಬಂದಿತು. ಟಿಷಿಯನ್ನನ ಕೃತಿಯೊಂದು ಮೊದಲಲ್ಲಿ ಬಂದವುಗಳಲ್ಲಿ ಸೇರಿದ್ದಿತು. ಖಾಲಿ ಗೋಡೆಗಳ ನಡುವೆ ಆ ಒಂದೇ ಚಿತ್ರವನ್ನು ನೋಡಲು ಜನ ಬಾಂಬಿನ ಭಯವನ್ನು ಬದಿಗಿಟ್ಟು ಬರುತ್ತಿದ್ದರು.